ಹದಿನೆಂಟು ತುಂಬಿದ ಮಕ್ಕಳಿಗೆ ಮೊದಲ ಕಾರು: ಕೊಡಗಿನ ರಸ್ತೆಗೆ ತಕ್ಕದ್ದನ್ನು ಆರಿಸುವುದು ಹೇಗೆ?

ನಮ್ಮ ಕಡೆ ಒಂದು ರೂಢಿ ಇದೆ. ಮಗನೋ ಮಗಳೋ ಡ್ರೈವಿಂಗ್ ಕಲಿತ ಕೂಡಲೇ ಮನೆಯಲ್ಲಿರುವ ಅತಿ ಹಳೆಯ ಗಾಡಿಯ ಕೀ ಅವರ ಕೈಗೆ ಬರುತ್ತದೆ. ಶೆಡ್ಡಿನಲ್ಲಿರುವ ಹದಿನೈದು ವರ್ಷದ ಸಣ್ಣ ಕಾರು, ಇಲ್ಲದಿದ್ದರೆ ತೋಟದ ಜೀಪು. "ಮೊದಲು ಇದರಲ್ಲಿ ಕೈ ಪಳಗಲಿ, ಎಲ್ಲಾದರೂ ತಾಗಿಸಿದರೂ ಬೇಜಾರಿಲ್ಲ" ಅನ್ನುತ್ತೇವೆ. ಇಪ್ಪತ್ತೈದು ವರ್ಷ ಗಾಡಿ ಓಡಿಸಿದ ಅಪ್ಪ ಮಾತ್ರ ಏರ್‌ಬ್ಯಾಗು, ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಎಲ್ಲ ಇರುವ ಹೊಸ ಕಾರಿನಲ್ಲಿ ಪೇಟೆಗೆ ಹೋಗಿ ಬರುತ್ತಾರೆ.

ನಮ್ಮ ಮನೆಯಲ್ಲೂ ಹೀಗೇ ನಡೆಯಿತು. ಕಕ್ಕಡದ (ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳು) ಒಂದು ಸಂಜೆ ಮಗಳು ಮಡಿಕೇರಿಯಿಂದ ಮನೆಗೆ ಬರುತ್ತಿದ್ದಾಗ ಮೇಕೇರಿಯ ಹತ್ತಿರ ತಿರುವಿನಲ್ಲಿ ದನ ಅಡ್ಡ ಬಂತು. ಬ್ರೇಕ್ ತುಳಿದಳು. ಚಕ್ರಗಳು ಸಿಕ್ಕಿಕೊಂಡವು, ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ, ಜಾರಿಕೊಂಡು ಹೋಗಿ ರಸ್ತೆ ಬದಿಯ ಮಣ್ಣಿನ ಬರೆಗೆ ಒರಗಿ ನಿಂತಿತು. ಆ ಕಾರಿನಲ್ಲಿ ಎಬಿಎಸ್ ಇರಲಿಲ್ಲ. ಜಾರಿದ್ದು ಬರೆಯ ಕಡೆಗೆ, ಕಂದಕದ ಕಡೆಗಲ್ಲ. ಅಷ್ಟೇ ನಮ್ಮ ಪುಣ್ಯ. ಆ ರಾತ್ರಿ ನಿದ್ದೆ ಬರದೆ ಯೋಚಿಸಿದ್ದು ಒಂದೇ: ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಅನುಭವ ಇರುವವಳಿಗೆ ಎಲ್ಲಕ್ಕಿಂತ ಕಡಿಮೆ ರಕ್ಷಣೆಯ ಗಾಡಿ ಕೊಟ್ಟವರು ನಾವೇ ಅಲ್ಲವೇ?

ಆಮೇಲೆ ಮೂರು ತಿಂಗಳು ಕಾರು ಹುಡುಕಿದೆವು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹದಿನೆಂಟಕ್ಕೆ ಮೊದಲು ಕೀ ಇಲ್ಲ

ತೋಟದೊಳಗೆ, ಕಣದಲ್ಲಿ ಹದಿನಾಲ್ಕಕ್ಕೇ ಜೀಪು ಓಡಿಸುವ ಮಕ್ಕಳು ಕೊಡಗಿನಲ್ಲಿ ಬೇಕಾದಷ್ಟಿದ್ದಾರೆ. ಗೇಟು ದಾಟಿ ಡಾಂಬರು ರಸ್ತೆಗೆ ಇಳಿದರೆ ಮಾತೇ ಬೇರೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾದರೆ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಮನೆ, ತೋಟ ಎರಡೂ ಹೋಗುವ ಮಾತು ಇದು.

ಹದಿನೆಂಟು ತುಂಬಿದ ಮೇಲೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ. ಅದರ ಅವಧಿ 6 ತಿಂಗಳು, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಹೆಚ್ಚಿನವರು ಮೂವತ್ತೊಂದನೇ ದಿನಕ್ಕೇ ಓಡುತ್ತಾರೆ. ನನ್ನ ಸಲಹೆ ಬೇರೆ: ಎಲ್‌ಎಲ್‌ಆರ್ ಅನ್ನು ಜೂನ್ ತಿಂಗಳಿಗೆ ಮಾಡಿಸಿ, ಡಿಎಲ್ ಪರೀಕ್ಷೆಯನ್ನು ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ. ಮಳೆ, ಮಂಜು, ಕೆಸರು, ರಸ್ತೆಗೆ ಬಿದ್ದ ಮರ, ಇದೆಲ್ಲವನ್ನೂ ಮಗು ನೋಡುವಾಗ ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವ ನೀವು ಕೂತಿರಬೇಕು. ಬೇಸಗೆಯಲ್ಲಿ ಕಲಿತವರಿಗೆ ಮೊದಲ ಮಳೆಗಾಲವನ್ನು ಒಬ್ಬರೇ ಎದುರಿಸಬೇಕಾಗುತ್ತದೆ.

ಕಾರು ನೋಡುವ ಮೊದಲು ರಸ್ತೆ ನೋಡಿ

ಒಂದು ಕಾಗದದಲ್ಲಿ ಮಗು ದಿನಾ ಹೋಗಿಬರುವ ದಾರಿಯನ್ನು ಬರೆಯಿರಿ. ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಕಾಲೇಜಿಗೆ ಹೋಗುವವರ ರಸ್ತೆ ಒಂದು ತರಹ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಕಡೆಗೆ ಹೋಗುವವರದು ಇನ್ನೊಂದು. ವಿರಾಜಪೇಟೆಯಿಂದ ಮಾಕುಟ್ಟದ ಮೇಲೆ ಕೇರಳಕ್ಕೆ ಇಳಿಯುವುದು ಮತ್ತೊಂದು. ತಿತಿಮತಿ, ಆನೆಚೌಕೂರು ಕಡೆ ಕಾಡಿನ ನಡುವೆ ಹೋಗುವವರ ಚಿಂತೆಯೇ ಬೇರೆ. ಮನೆಯ ಗೇಟಿನಿಂದ ಡಾಂಬರಿನವರೆಗಿನ ಕೊನೆಯ ಒಂದು ಕಿಲೋಮೀಟರನ್ನು ಮರೆಯಬೇಡಿ. ಅದು ಕಲ್ಲು ಹಾಸಿದ್ದೋ, ಮಣ್ಣಿನದೋ, ಎಷ್ಟು ಏರು, ಮಳೆಗಾಲದಲ್ಲಿ ನೀರು ಅಡ್ಡ ಹರಿಯುತ್ತದೆಯೋ, ಎಲ್ಲ ಬರೆಯಿರಿ.

ನಮ್ಮ ಪಟ್ಟಿ ಹೀಗಿತ್ತು: ಮೂರ್ನಾಡಿನಿಂದ ಮಡಿಕೇರಿಗೆ ದಿನಾ ಏರು ತಿರುವು, ಮನೆ ಹತ್ತಿರ ಕಡಿದಾದ ಕಲ್ಲುದಾರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲೇ ಲೈಟು ಬೇಕಾಗುವ ಮಂಜು, ಹೆದ್ದಾರಿ ವೇಗ ಇಲ್ಲವೇ ಇಲ್ಲ. ಇದನ್ನು ಬರೆದ ಮೇಲೆ ಶೋರೂಮಿನಲ್ಲಿ ತೋರಿಸುವ ದೊಡ್ಡ ಸ್ಕ್ರೀನು, ಸನ್‌ರೂಫು ಯಾವುದೂ ಮನಸ್ಸನ್ನು ಎಳೆಯಲಿಲ್ಲ.

ವರ್ಷವೇ ಅರ್ಧ ಉತ್ತರ

ಹೆಚ್ಚಿನವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್. ಹಾಗಿದ್ದರೆ ಬಣ್ಣ, ಕಂಪನಿ ಎಲ್ಲಕ್ಕಿಂತ ಮೊದಲು ತಯಾರಾದ ತಿಂಗಳು, ವರ್ಷ ಕೇಳಿ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈನಿಂದ. ಮುಂದಿನ ಎರಡನೇ ಸೀಟಿಗೂ ಏರ್‌ಬ್ಯಾಗ್ ಎಲ್ಲ ಕಾರಿನಲ್ಲೂ ಬಂದದ್ದು 2022ರ ಹೊತ್ತಿಗೆ. ಅಂದರೆ 2022ರ ನಂತರ ತಯಾರಾದ ಕಾರು ಬೇಸ್ ಮಾಡೆಲ್ ಆದರೂ ಇಷ್ಟು ಇದ್ದೇ ಇರುತ್ತದೆ. ಅದಕ್ಕಿಂತ ಹಿಂದಿನದ್ದಾದರೆ ನೀವೇ ನೋಡಿ ಖಾತ್ರಿ ಮಾಡಿಕೊಳ್ಳಬೇಕು.

ಒಂದೇ ಹೆಸರಿನ ಕಾರು ಎಂದರೆ ಒಂದೇ ಕಾರಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಕಾರುಗಳನ್ನು ಮೊದಲ ಸಲ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಏರ್‌ಬ್ಯಾಗ್ ಇಲ್ಲದ ಪೋಲೋ ಕಾರಿಗೆ ಸಿಕ್ಕಿದ್ದು ಸೊನ್ನೆ. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೋಗೆ ಐದರಲ್ಲಿ 4 ನಕ್ಷತ್ರ. ಹಾಗಾಗಿ "ಈ ಗಾಡಿ ಗಟ್ಟಿ, ನನ್ನ ಭಾವನ ಹತ್ತಿರ ಇದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಎದುರಿಗೆ ನಿಂತಿರುವ ಗಾಡಿಯ ಸ್ಟೇರಿಂಗ್ ನಡುವೆ 'ಏರ್‌ಬ್ಯಾಗ್' ಎಂಬ ಅಕ್ಷರ ಅಚ್ಚಾಗಿದೆಯೇ, ಎಡಗಡೆಯ ಡ್ಯಾಶ್‌ಬೋರ್ಡಿನಲ್ಲೂ ಇದೆಯೇ, ಅದನ್ನು ನೋಡಿ.

ನಕ್ಷತ್ರ ಎಣಿಸುವಾಗ

ಗ್ಲೋಬಲ್ ಎನ್‌ಕ್ಯಾಪ್ ಮತ್ತು 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಮ್ಮದೇ ಭಾರತ್ ಎನ್‌ಕ್ಯಾಪ್, ಎರಡರ ಫಲಿತಾಂಶಗಳೂ ಮೊಬೈಲಿನಲ್ಲೇ ಸಿಗುತ್ತವೆ. ಭಾರತದಲ್ಲಿ ತಯಾರಾದ ಕಾರೊಂದಕ್ಕೆ ಮೊದಲ 5 ನಕ್ಷತ್ರ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಟಾಟಾ ನೆಕ್ಸಾನ್‌ಗೆ. 2020ರಲ್ಲಿ ಆಲ್ಟ್ರೋಜ್, ಎಕ್ಸ್‌ಯುವಿ300, 2021ರಲ್ಲಿ ಪಂಚ್ ಅದೇ ಸಾಲಿಗೆ ಸೇರಿದವು. ಟಿಯಾಗೋಗೆ 2020ರಲ್ಲಿ 4. ಒಂದೇ ಕಂಪನಿಯ ಕಾರುಗಳಲ್ಲೂ ಅಜಗಜಾಂತರ ಇರುತ್ತದೆ: ಮಾರುತಿಯ ಸ್ವಿಫ್ಟ್‌ಗೆ 2018ರಲ್ಲಿ ಬಂದದ್ದು 2 ನಕ್ಷತ್ರ, ಅದೇ ಮಾರುತಿಯ ಹೊಸ ಡಿಜೈರ್‌ಗೆ 2024ರಲ್ಲಿ 5.

ಇಲ್ಲೊಂದು ಸೂಕ್ಷ್ಮ ಇದೆ. 2022ರ ಮಧ್ಯದವರೆಗಿನ ಗ್ಲೋಬಲ್ ಎನ್‌ಕ್ಯಾಪ್ ನಕ್ಷತ್ರಗಳು ಮುಖ್ಯವಾಗಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂಭಾಗದ ಡಿಕ್ಕಿಯನ್ನು ಅಳೆದವು. ಆಮೇಲೆ ಪಕ್ಕದ ಡಿಕ್ಕಿ, ಇಎಸ್‌ಸಿ (ಕಾರು ದಾರಿ ತಪ್ಪಿ ಜಾರದಂತೆ ಹಿಡಿಯುವ ವ್ಯವಸ್ಥೆ) ಇತ್ಯಾದಿ ಸೇರಿ ಪರೀಕ್ಷೆ ಕಠಿಣವಾಯಿತು. ಆದ್ದರಿಂದ 2020ರ 5 ನಕ್ಷತ್ರ ಮತ್ತು 2024ರ 5 ನಕ್ಷತ್ರ ಒಂದೇ ತೂಕದವಲ್ಲ. ನಕ್ಷತ್ರದ ಜೊತೆಗೆ ಕಾರಿನ ಚೌಕಟ್ಟು 'ಸ್ಥಿರ'ವೋ 'ಅಸ್ಥಿರ'ವೋ ಎಂದು ಗ್ಲೋಬಲ್ ಎನ್‌ಕ್ಯಾಪ್ ವರದಿಯಲ್ಲಿ ಬರೆದಿರುತ್ತಾರೆ. ನಾನಾದರೆ ಅಸ್ಥಿರ ಎಂದಿರುವ ಕಾರನ್ನು ಮಕ್ಕಳಿಗೆ ಕೊಡುವುದಿಲ್ಲ, ಏರ್‌ಬ್ಯಾಗ್ ಎಷ್ಟೇ ಇರಲಿ.

ನಮ್ಮ ರಸ್ತೆಗೆ ನಕ್ಷತ್ರಕ್ಕಿಂತಲೂ ಒಂದು ಕೈ ಮೇಲೆ ನಾನು ಇಡುವುದು ಇಎಸ್‌ಸಿಯನ್ನು. ತಿರುವಿನಲ್ಲಿ ಸ್ಟೇರಿಂಗ್ ಒಂದು ಕಡೆ, ಕಾರು ಇನ್ನೊಂದು ಕಡೆ ಹೋಗಲು ಶುರುವಾದರೆ ಅದು ತಾನಾಗಿಯೇ ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಒದ್ದೆ ರಸ್ತೆ, ಮೇಲೆ ಎಲೆ, ಅದರ ಮೇಲೆ ಕೆಂಪು ಕೆಸರು, ಎದುರಿಗೆ ತಿರುವು. ಇಂಥ ಕಡೆ ಹೊಸಬರ ತಪ್ಪನ್ನು ಇಷ್ಟು ಚೆನ್ನಾಗಿ ತಿದ್ದುವ ಇನ್ನೊಂದು ಸಾಧನ ಕಾರಿನಲ್ಲಿಲ್ಲ. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲ ಕಾರಿಗೂ ಇದು ಕಡ್ಡಾಯ. ನಮ್ಮಲ್ಲಿ ಹಳೆಯ ಸಣ್ಣ ಕಾರುಗಳ ಮೇಲಿನ ಮಾಡೆಲ್‌ಗಳಲ್ಲಿ ಮಾತ್ರ ಸಿಗುತ್ತದೆ, ಈಚಿನವುಗಳಲ್ಲಿ ಹೆಚ್ಚಾಗಿದೆ. ಕೀ ತಿರುಗಿಸಿದಾಗ ಮೀಟರಿನಲ್ಲಿ ಕಾರಿನ ಹಿಂದೆ ಅಂಕುಡೊಂಕು ಗೆರೆ ಇರುವ ಚಿತ್ರ ಹೊತ್ತಿ ಆರಿದರೆ ಇಎಸ್‌ಸಿ ಇದೆ ಎಂದರ್ಥ. ಇದರ ಜೊತೆಗೆ ಸಾಮಾನ್ಯವಾಗಿ ಹಿಲ್ ಹೋಲ್ಡ್ ಕೂಡ ಬರುತ್ತದೆ. ಏರಿನಲ್ಲಿ ನಿಂತು ಹೊರಡುವಾಗ ಕಾರು ಹಿಂದಕ್ಕೆ ಜಾರದಂತೆ ಒಂದೆರಡು ಸೆಕೆಂಡ್ ಹಿಡಿದಿಡುತ್ತದೆ.

ಎಂಜಿನ್, ಗೇರ್, ಎತ್ತರ

ಸಾಮಾನ್ಯ 1.2 ಲೀಟರ್ ಪೆಟ್ರೋಲ್ ಎಂಜಿನ್, 80–90 ಅಶ್ವಶಕ್ತಿ ಸಾಕು. ಅದಕ್ಕಿಂತ ತೀರಾ ಕಡಿಮೆಯೂ ಬೇಡ. 800 ಸಿಸಿ ಕಾರಿನಲ್ಲಿ ನಾಲ್ಕು ಜನ ಕೂತು ಏರಿನಲ್ಲಿ ಲಾರಿ ಹಿಂದಿಕ್ಕಲು ಹೋದರೆ ಅರ್ಧದಲ್ಲಿ ಉಸಿರು ಕಟ್ಟುತ್ತದೆ, ಎದುರಿನಿಂದ ಬಸ್ಸು ಬಂದಿರುತ್ತದೆ. ಟರ್ಬೊ ಪೆಟ್ರೋಲ್ ಹದಿನೆಂಟರ ಕೈಗೆ ಬೇಡ, ಎರಡು ವರ್ಷ ಕಳೆಯಲಿ. ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತಾನೇ ಸುಟ್ಟು ಸ್ವಚ್ಛವಾಗಬೇಕಾದರೆ ಆಗಾಗ ದೂರದ, ಒಂದೇ ವೇಗದ ಓಟ ಬೇಕು. ಮನೆ–ಕಾಲೇಜು–ಮನೆ ಮಾತ್ರ ಓಡುವ ಕಾರಿಗೆ ಡೀಸೆಲ್ ಹೊಂದುವುದಿಲ್ಲ.

ಗೇರ್ ಇರಲಿ, ಆಟೋಮ್ಯಾಟಿಕ್ ಇರಲಿ, ಎರಡರಲ್ಲೂ ದೋಷವಿಲ್ಲ. ಅಗ್ಗದ ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ) ಕಾರುಗಳು ಹಿಲ್ ಹೋಲ್ಡ್ ಇಲ್ಲದಿದ್ದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತವೆ, ಅದನ್ನು ಪರೀಕ್ಷಿಸಿ ಕೊಳ್ಳಿ. ಘಾಟಿ ಇಳಿಯುವಾಗ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲಿ ಹಿಡಿದಿಡಲು ಆಗಬೇಕು. ಸಂಪಾಜೆ ಇಳಿಯುವಷ್ಟು ಹೊತ್ತೂ ಬ್ರೇಕಿನ ಮೇಲೇ ಕಾಲಿಟ್ಟರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಹಿಡಿಯುವುದೇ ಇಲ್ಲ.

ತೋಟದ ದಾರಿಗೆ 170 ಮಿ.ಮೀ.ಗಿಂತ ಹೆಚ್ಚು ಗ್ರೌಂಡ್ ಕ್ಲಿಯರೆನ್ಸ್ ಇದ್ದರೆ ಒಳ್ಳೆಯದು. ಆದರೆ ಎತ್ತರದ ಆಸೆಗೆ ಜೀಪು ಬೇಡ. ಹಳೆಯ ಜೀಪಿನಲ್ಲಿ ಏರ್‌ಬ್ಯಾಗಿಲ್ಲ, ಎಬಿಎಸ್ ಇಲ್ಲ, ಎತ್ತರ ಹೆಚ್ಚಾದ್ದರಿಂದ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ಜೀಪಿನ ಮೇಲೆ ನಮಗೆಲ್ಲ ಇರುವ ಪ್ರೀತಿ ನನಗೂ ಇದೆ. ಅದು ಗೊಬ್ಬರ ಹೊರಲಿ, ಕಾಫಿ ಮೂಟೆ ಹೊರಲಿ.

ಬಣ್ಣದ ಬಗ್ಗೆ ಒಂದು ಮಾತು: ಬೂದು, ಬೆಳ್ಳಿ ಬಣ್ಣ ಮಂಜಿನೊಳಗೆ ಕರಗಿಹೋಗುತ್ತದೆ. ಕೆಂಪು, ಕಿತ್ತಳೆ, ಹಳದಿ ಸಿಕ್ಕಿದರೆ ಬಿಡಬೇಡಿ. ಹಿಂದಿನ ಗಾಜಿಗೆ ವೈಪರ್, ಮಬ್ಬು ತೆಗೆಯುವ ಡಿಫಾಗರ್ ಎರಡೂ ಇದ್ದರೆ ಮಳೆಗಾಲದಲ್ಲಿ ಪ್ರತಿದಿನ ಉಪಕಾರಕ್ಕೆ ಬರುತ್ತವೆ.

ಹಳೆಯ ಕಾರನ್ನು ಮುಟ್ಟಿ ನೋಡುವುದು

ಕೊಡಗಿನಲ್ಲಿ ಕಾರು ಕೊಳ್ಳುವುದು ಕಾಫಿ ಮಾರಿದ ಮೇಲೆ, ಅಂದರೆ ಬಿಸಿಲಿನ ದಿನಗಳಲ್ಲಿ. ಬಿಸಿಲಿನಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತವೆ. ಸೋರುವ ಬೀಡಿಂಗ್, ಮಬ್ಬಾದ ಹೆಡ್‌ಲೈಟ್, ಸವೆದ ಟಯರ್ ಗೊತ್ತಾಗುವುದು ಜುಲೈನಲ್ಲಿ. ಹಾಗಾಗಿ ಒಂದು ಬಕೆಟ್ ನೀರನ್ನಾದರೂ ಕಾರಿನ ಮೇಲೆ ಸುರಿದು ಒಳಗೆ ಕೂತು ನೋಡಿ.

ನಾವು ಎರಡನೆಯದಾಗಿ ನೋಡಿದ ಕಾರು ಥಳಥಳ ಹೊಳೆಯುತ್ತಿತ್ತು. 2018ರ ಕೊನೆಯ ಮಾಡೆಲ್, ಕಡಿಮೆ ಓಡಿದ್ದು, ಬೆಲೆಯೂ ಹಿತ. ಮುಂಗಡ ಕೊಡಲು ಕೈ ಚೀಲಕ್ಕೆ ಹೋಗಿತ್ತು. ಜೊತೆಗೆ ಬಂದಿದ್ದ ಮೂರ್ನಾಡಿನ ಮೆಕ್ಯಾನಿಕ್ ಹುಡುಗ, "ಅಕ್ಕಾ, ಒಂದು ನಿಮಿಷ" ಎಂದು ಹಿಂದಿನ ಸೀಟಿನ ಬೆಲ್ಟನ್ನು ಎಳೆಯತೊಡಗಿದ. ಸಾಮಾನ್ಯವಾಗಿ ನಾವು ಎಳೆಯುವುದು ಅರ್ಧ. ಅವನು ಕೊನೆಯವರೆಗೆ, ಇನ್ನು ಬರುವುದಿಲ್ಲ ಎನ್ನುವವರೆಗೆ ಎಳೆದ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದು ಮೊಳದಲ್ಲಿ ಕಾಫಿ ಬಣ್ಣದ ಕಲೆ, ಅದರ ಅಂಚಿನಲ್ಲಿ ಗೆರೆ ಎಳೆದ ಹಾಗೆ ಒಣಗಿದ ಕೆಸರು. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ಆಮೇಲೆ ಸೀಟಿನ ಕೆಳಗಿನ ಬೋಲ್ಟುಗಳಿಗೆ ಟಾರ್ಚ್ ಹಿಡಿದ, ಎಲ್ಲ ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ತಳದಲ್ಲಿ ಹೊಳೆಯ ಮರಳು. ನೀರಿನಲ್ಲಿ ಮುಳುಗಿ ಎದ್ದ ಗಾಡಿ. ಕುಶಾಲನಗರದ ಬಡಾವಣೆಗಳಿಗೂ ಕರಡಿಗೋಡಿಗೂ 2019ರಲ್ಲಿ ಕಾವೇರಿ ನುಗ್ಗಿದ್ದನ್ನು ಕಂಡವರು ನಾವು. ಅಂಥ ಗಾಡಿಗಳು ಎಲ್ಲಿಗೆ ಹೋದವು ಎಂದು ಯಾರೂ ಕೇಳುವುದಿಲ್ಲ. ಒಳಗಿನ ವೈರಿಂಗ್ ಮೆಲ್ಲಗೆ ಕೆಡುತ್ತಾ ಬಂದು, ಏರ್‌ಬ್ಯಾಗ್ ಬೇಕಾದ ಹೊತ್ತಿಗೆ ಅರಳದೇ ಹೋಗಬಹುದು.

ಬೆಲ್ಟ್ ಎಳೆದ ಮೇಲೆ ಮೀಟರ್ ನೋಡಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಹೊತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ ಇದೆ. ಹೊತ್ತುವುದೇ ಇಲ್ಲ ಎಂದರೆ ಇನ್ನೂ ಕೆಟ್ಟದ್ದು: ಯಾರೋ ದೋಷ ಮುಚ್ಚಲು ದೀಪವನ್ನೇ ತೆಗೆದಿರಬಹುದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿ ಕಂಡರೂ ಆರು ವರ್ಷ ದಾಟಿದ ಟಯರಿನ ರಬ್ಬರು ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಬೋನೆಟ್ಟಿನ, ಬಾಗಿಲುಗಳ ಬೋಲ್ಟಿನ ಮೇಲೆ ಸ್ಪ್ಯಾನರ್ ಹಾಕಿದ ಗುರುತಿದೆಯೇ, ಒಂದು ಬಾಗಿಲಿನ ಸಂದು ಇನ್ನೊಂದಕ್ಕಿಂತ ಅಗಲವಿದೆಯೇ ನೋಡಿ. ಗಾಡಿಯ ಅಡಿ ಬಗ್ಗಿ ನೋಡಿ, ತೋಟದ ಕಲ್ಲು ಹೊಡೆದ ಗುರುತು ಅಲ್ಲೇ ಇರುತ್ತದೆ.

ಓಡಿಸಿ ನೋಡುವುದನ್ನು ಪೇಟೆಯ ಸಮತಟ್ಟು ರಸ್ತೆಯಲ್ಲಿ ಮಾಡಬೇಡಿ. ಕಡಿದಾದ ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಒಂದೇ ಹಿಡಿಯುತ್ತದೆಯೇ ನೋಡಿ, ಅಲ್ಲಿಂದಲೇ ಹೊರಡಿಸಿ. ಖಾಲಿ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಾರದು. ಕೊನೆಗೆ ಮಗುವನ್ನೇ ಚಾಲಕನ ಸೀಟಿನಲ್ಲಿ ಕೂರಿಸಿ. ಕ್ಲಚ್ ಪೂರ್ತಿ ಒತ್ತಲು ಕಾಲು ನಿಲುಕಬೇಕು, ಎದೆಗೂ ಸ್ಟೇರಿಂಗಿಗೂ ನಡುವೆ ಒಂದು ಗೇಣಿಗಿಂತ ಕಡಿಮೆಯಿಲ್ಲದಂತೆ, ಸುಮಾರು 25 ಸೆ.ಮೀ. ಅಂತರ ಉಳಿಯಬೇಕು. ನನ್ನ ಮಗಳು ಕುಳ್ಳಗಿದ್ದಾಳೆ. ಸೀಟಿನ ಎತ್ತರ ಏರಿಸಲು ಬಾರದ ಒಂದು ಒಳ್ಳೆಯ ಕಾರನ್ನು ಈ ಕಾರಣಕ್ಕೇ ಬಿಟ್ಟೆವು.

ಕಾಗದ, ಇನ್ಶೂರೆನ್ಸ್

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಲೀಕತ್ವ, ಇನ್ಶೂರೆನ್ಸ್, ಸಾಲದ ವಿವರ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮಾರುವವರೇ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಕೊಡಬೇಕು. ವರ್ಗಾವಣೆಗೆ ಫಾರಂ 29, 30. ಗಡಿಯಾಚೆಯ ಕೇರಳದ ಗಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅಲ್ಲಿನ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ. ಕಡಲ ಬದಿ ಓಡಿದ್ದಾದರೆ ಅಡಿಯ ತುಕ್ಕನ್ನೂ ನೋಡಿ.

ಇನ್ಶೂರೆನ್ಸ್‌ನಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಪಾಲಿಸಿಯಲ್ಲಿರುವ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಮಾಲೀಕರೇ ಓಡಿಸುವಾಗ ಅವರಿಗೆ ಮಾತ್ರ. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದು ಓಡಿಸುವವಳು ಮಗಳಾದರೆ ಅವಳಿಗೆ ಅದು ಸಿಗುವುದಿಲ್ಲ. ಒಂದೋ ಆರ್‌ಸಿಯನ್ನು ಮಗುವಿನ ಹೆಸರಿಗೇ ಮಾಡಿಸಿ, ಇಲ್ಲವೇ ಅವರ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ತೆಗೆಯಿರಿ. ಥರ್ಡ್ ಪಾರ್ಟಿ ಒಂದೇ ಸಾಲದು, ಫುಲ್ ಇನ್ಶೂರೆನ್ಸ್ ಇರಲಿ. ತೋಡು ಉಕ್ಕುವ ನಮ್ಮ ರಸ್ತೆಗಳಿಗೆ ಎಂಜಿನ್ ರಕ್ಷಣೆಯ ಆ್ಯಡ್-ಆನ್ ಬೇಕೇ ಬೇಕು. ಹಳೆಯ ಮಾಲೀಕರ ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಹಣ ಸಾಲದಿದ್ದರೆ ಏನು ಮಾಡುವುದು? ಹೊಸದಾಗಿ ಕಾರು ಕೊಳ್ಳಲೇಬೇಕೆಂದಿಲ್ಲ. ನಾವು ಕೊನೆಗೆ ಮಾಡಿದ್ದೂ ಅದನ್ನೇ. ಮನೆಯಲ್ಲಿದ್ದ ಒಳ್ಳೆಯ ಕಾರು ಮಗಳಿಗೆ, ರಿಪೇರಿ ಮಾಡಿಸಿದ ಹಳೆಯ ಕಾರು ನಮಗಿಬ್ಬರಿಗೆ. ಕಾರಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಎರಡಕ್ಕೂ ನಾಲ್ಕು ನಾಲ್ಕು ಹೊಸ ಟಯರ್, ವೈಪರ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಹಾಕಿಸಿದೆವು, ಮಿಕ್ಕದ್ದು ಉಳಿಯಿತು. ಮಗಳು ಮೊದಲು ಒಪ್ಪಲಿಲ್ಲ. "ಅಪ್ಪನ ಕಾರು ಗೀಚಿದರೆ ನನಗೇ ಬೈತೀರಿ" ಅಂದಳು. ಬೈಯುವುದಿಲ್ಲ ಎಂದು ಅವರಪ್ಪ ಮಾತು ಕೊಟ್ಟಿದ್ದಾರೆ, ಇವತ್ತಿನವರೆಗೂ ಉಳಿಸಿಕೊಂಡಿದ್ದಾರೆ.

ಮೊದಲ ಆರು ತಿಂಗಳು

ಎಬಿಎಸ್ ಇದ್ದರೆ ಸಾಲದು, ಅದು ಕಾಲಿಗೆ ಹೇಗೆ ಅನಿಸುತ್ತದೆ ಎಂದು ಮಕ್ಕಳಿಗೆ ಗೊತ್ತಿರಬೇಕು. ಮಳೆ ನಿಂತ ಒಂದು ಬೆಳಿಗ್ಗೆ ನಮ್ಮ ಕಾಫಿ ಕಣದಲ್ಲಿ, ಪಾಚಿ ಕಟ್ಟಿದ ಸಿಮೆಂಟಿನ ಮೇಲೆ, ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು ಮಗಳಿಗೆ 25ರ ವೇಗದಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿಯಲು ಹೇಳಿದೆ. ಪೆಡಲ್ ಕಟಕಟ ನಡುಗಿದ್ದೇ ತಡ, ಕಾಲು ತೆಗೆದುಬಿಟ್ಟಳು. "ಏನೋ ಮುರೀತು ಅಂದ್ಕೊಂಡೆ ಅಮ್ಮ." ಘಾಟಿಯಲ್ಲಿ ಹೀಗೆ ಕಾಲು ತೆಗೆದಿದ್ದರೆ? ಹತ್ತು ಸಲ ಮಾಡಿಸಿದೆ. ನಡುಗಿದರೂ ಕಾಲು ಒತ್ತಿಯೇ ಇರಬೇಕು, ಸ್ಟೇರಿಂಗನ್ನು ಬೇಕಾದ ಕಡೆ ತಿರುಗಿಸಬೇಕು. ಹತ್ತನೇ ಸಲಕ್ಕೆ ಕಣದ ನಡುವೆ ಇಟ್ಟಿದ್ದ ಕುಕ್ಕೆಯನ್ನು ಬಳಸಿಕೊಂಡು ಹೋಗಿ ನಿಲ್ಲಿಸಿದಳು.

ಮನೆಯಲ್ಲಿ ಕೆಲವು ಕಟ್ಟುಪಾಡು ಹಾಕಿಕೊಂಡೆವು. ಆರು ತಿಂಗಳು ಕತ್ತಲಾದ ಮೇಲೆ ಒಬ್ಬಳೇ ಓಡಿಸುವಂತಿಲ್ಲ. ಗೆಳತಿಯರು ಒಂದು ಸಲಕ್ಕೆ ಒಬ್ಬರೇ, ಏಕೆಂದರೆ ಕಾರು ತುಂಬ ಸ್ನೇಹಿತರಿದ್ದಾಗ ಈ ವಯಸ್ಸಿನವರ ಗಮನ ರಸ್ತೆಯ ಮೇಲಿರುವುದಿಲ್ಲ. ಫೋನ್ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ. ಹಿಂದೆ ಕೂತವರೂ ಬೆಲ್ಟ್ ಹಾಕದೆ ಗಾಡಿ ಹೊರಡುವುದಿಲ್ಲ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ, ಡಿಪ್‌ನಲ್ಲೇ ಹೋಗಬೇಕು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯದೆ, ಕೆಳಗಿಳಿಯದೆ ಕಾಯಬೇಕು. ಹತ್ತಿರ ಬರುವಂತಿದ್ದರೆ ನಿಧಾನವಾಗಿ ರಿವರ್ಸ್ ತೆಗೆಯಬೇಕು. ಇದಕ್ಕಾಗಿ ತಿರುವಿನಲ್ಲಿ ರಿವರ್ಸ್ ಹೋಗುವುದನ್ನು ಬೇರೆಯಾಗಿಯೇ ಕಲಿಸಿದೆವು.

ಡಿಕ್ಕಿಯಲ್ಲಿ ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ಕೆಂಪು ತ್ರಿಕೋನ, ಟಾರ್ಚ್, ಹಗ್ಗ, ಒಂದು ಕತ್ತಿ, ರೈನ್‌ಕೋಟು ಇವೆ. ನಮ್ಮ ದಾರಿಯಲ್ಲಿ ಎರಡು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ಲಿ 112ಕ್ಕೂ ಕರೆ ಹೋಗದಿರಬಹುದು. ಅದಕ್ಕೇ ಹೊರಡುವಾಗ ಒಂದು ಮೆಸೇಜ್ ಹಾಕುತ್ತಾಳೆ. ಅದು ಬಂದ ಮೇಲೆ ಮುಕ್ಕಾಲು ಗಂಟೆಯೊಳಗೆ ಗೇಟಿನ ಸದ್ದು ಕೇಳದಿದ್ದರೆ ನಾವು ಹಳೆಯ ಕಾರು ಹತ್ತಿ ಎದುರಿಗೆ ಹೋಗುತ್ತೇವೆ.